ಸಿದ್ಧ ಶೈಲಿ ಕೈಪಿಡಿಯೊಂದನ್ನು ಒಪ್ಪಿಕೊಂಡು ನಮ್ಮ ಕೆಲಸಕ್ಕೆ ಹೊಂದಿಸಿಕೊಳ್ಳುವುದು ಹೇಗೆ?

ಪೀಣ್ಯ_ಮ್ಯಾನ್ಯುಯಲ್

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕತ್ತರಿಸುವ) ಯಂತ್ರಗಳನ್ನು ತಯಾರಿಸುವ ಮಧ್ಯಮ ಗಾತ್ರದ ಕಂಪನಿಯೊಂದರಲ್ಲಿ ಟೆಕ್ನಿಕಲ್ ರೈಟರ್ ಆಗಿದ್ದೇನೆ. ಯಂತ್ರದ ಜೊತೆಗೆ ಹೋಗುವ ಆಪರೇಟರ್ ಮ್ಯಾನ್ಯುಯಲ್, ನಿರ್ವಹಣಾ ಮ್ಯಾನ್ಯುಯಲ್, ನಿಯಂತ್ರಣ ತಂತ್ರಾಂಶದ ಸಹಾಯ ಪುಟಗಳು, ಇವುಗಳ ಜೊತೆಗೆ ಯಂತ್ರದ ಮುಂದೆ ನಿಂತು ಕೆಲಸ ಮಾಡುವವರಿಗಾಗಿ ಕನ್ನಡದ ಕಿರುಪುಸ್ತಿಕೆ, ಇಷ್ಟನ್ನೂ ನಮ್ಮ ಚಿಕ್ಕ ವಿಭಾಗವೇ ಬರೆಯುತ್ತದೆ.

ಬರೆಯುವವರು ಬೇರೆ ಬೇರೆ ಕಡೆ ಕೆಲಸ ಮಾಡಿ ಬಂದವರಾದ್ದರಿಂದ ಒಬ್ಬೊಬ್ಬರ ರೂಢಿ ಒಂದೊಂದು. ಒಂದೇ ಗುಂಡಿಗೆ ಒಂದು ಮ್ಯಾನ್ಯುಯಲ್‌ನಲ್ಲಿ ‘ಸೈಕಲ್ ಸ್ಟಾರ್ಟ್’ ಎಂದೂ ಇನ್ನೊಂದರಲ್ಲಿ ‘ಸ್ಟಾರ್ಟ್ ಕೀ’ ಎಂದೂ ಮತ್ತೊಂದರಲ್ಲಿ ‘ಹಸಿರು ಗುಂಡಿ’ ಎಂದೂ ಹೆಸರಿದೆ. ರಿವ್ಯೂ ಸಭೆಗಳ ಬಹುಪಾಲು ಸಮಯ ಅಲ್ಪವಿರಾಮ, ದೊಡ್ಡ ಅಕ್ಷರ, ಶೀರ್ಷಿಕೆಯ ರೂಪ ಇವುಗಳ ಚರ್ಚೆಗೇ ಹೋಗುತ್ತದೆ. ಪದ, ವಿರಾಮಚಿಹ್ನೆ, ಬರಹದ ರೂಪ ಇವುಗಳಿಗೆ ಎಲ್ಲರಿಗೂ ಒಂದೇ ನಿಯಮ ಹೇಳುವ ಒಂದು ಶೈಲಿ ಕೈಪಿಡಿ ಇರಲಿ ಎಂದು ಮೇಲಿನವರು ಒಪ್ಪಿದ್ದಾರೆ, ಆದರೆ ಅದನ್ನು ಮೊದಲಿನಿಂದ ನಾವೇ ಬರೆಯುವುದೋ, ಮೈಕ್ರೋಸಾಫ್ಟ್ ಅಥವಾ ಗೂಗಲ್‌ನವರದ್ದನ್ನು ತೆಗೆದುಕೊಳ್ಳುವುದೋ, ತೆಗೆದುಕೊಂಡರೆ ಎಷ್ಟರ ಮಟ್ಟಿಗೆ ಬದಲಿಸುವುದೋ ಎಂಬುದು ನಮಗೆ ತಿಳಿಯುತ್ತಿಲ್ಲ. ಈ ದಾರಿಯಲ್ಲಿ ನಡೆದವರು ದಯವಿಟ್ಟು ವಿವರವಾಗಿ ತಿಳಿಸಿ.

ಕರಡು_ಮೇಜು

ಮೊದಲಿನಿಂದ ಬರೆಯಬೇಡಿ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಪೂರ್ಣ ಶೈಲಿ ಕೈಪಿಡಿಯೊಂದನ್ನು ಕಟ್ಟುವುದು ಕೆಲವರು ಬಿಡುವಿನಲ್ಲಿ ಮುಗಿಸುವ ಕೆಲಸವಲ್ಲ. ಮೈಕ್ರೋಸಾಫ್ಟ್‌ನವರ ಕೈಪಿಡಿ 1995ರಿಂದ ಪುಸ್ತಕ ರೂಪದಲ್ಲಿತ್ತು, 2012ರಲ್ಲಿ ಅದರ ನಾಲ್ಕನೆಯ ಆವೃತ್ತಿ ಬಂದಿತು, 2018ರಲ್ಲಿ ಅದರ ಜಾಗಕ್ಕೆ ಎಲ್ಲರೂ ಓದಬಹುದಾದ ಜಾಲತಾಣದ ರೂಪ ಬಂದಿತು. ಗೂಗಲ್‌ನವರು ಡೆವಲಪರ್ ದಾಖಲೆಗಳಿಗಾಗಿ ಒಳಗೆ ಬಳಸುತ್ತಿದ್ದುದನ್ನು 2017ರಲ್ಲಿ ಸಾರ್ವಜನಿಕಗೊಳಿಸಿದರು. ಅಷ್ಟು ವರ್ಷಗಳ ಚರ್ಚೆಯ ಫಲ ಕೈಗೆ ಸಿಗುವಾಗ ಪಟ್ಟಿಯ ಕೊನೆಯಲ್ಲಿ ಪೂರ್ಣವಿರಾಮ ಬೇಕೇ ಬೇಡವೇ ಎಂಬುದನ್ನು ಪೀಣ್ಯದಲ್ಲಿ ಮತ್ತೊಮ್ಮೆ ಚರ್ಚಿಸುವ ಅಗತ್ಯವಿಲ್ಲ.

ಆದರೆ ಒಪ್ಪಿಕೊಳ್ಳುವುದೆಂದರೆ ಅದರ ಪ್ರತಿ ತೆಗೆದು ಮೇಲೆ ಕಂಪನಿಯ ಹೆಸರು ಹಾಕುವುದಲ್ಲ. ದೊಡ್ಡ ಕೈಪಿಡಿಗಳೇ ಒಂದರ ಮೇಲೊಂದು ಪದರವಾಗಿ ನಿಂತಿವೆ. ಗೂಗಲ್ ಕೈಪಿಡಿಯು ಮೊದಲು ಆಯಾ ಯೋಜನೆಯ ಸ್ವಂತ ನಿಯಮಗಳನ್ನು, ಆಮೇಲೆ ತನ್ನನ್ನು, ಅಲ್ಲಿಯೂ ಉತ್ತರ ಸಿಗದಿದ್ದರೆ ಹೊರಗಿನ ಆಕರಗಳನ್ನು ನೋಡಲು ಹೇಳುತ್ತದೆ: ಕಾಗುಣಿತಕ್ಕೆ ಮೆರಿಯಂ-ವೆಬ್‌ಸ್ಟರ್ ನಿಘಂಟು, ತಾಂತ್ರಿಕವಲ್ಲದ ಶೈಲಿಗೆ ಶಿಕಾಗೋ ಕೈಪಿಡಿ, ತಾಂತ್ರಿಕ ಶೈಲಿಗೆ ಮೈಕ್ರೋಸಾಫ್ಟ್. ತಂತ್ರಾಂಶ ಕಂಪನಿ ರೆಡ್ ಹ್ಯಾಟ್‌ನವರದ್ದು ಹೆಸರಿನಲ್ಲಿಯೇ ‘ಪೂರಕ’ ಕೈಪಿಡಿ, ಐಬಿಎಂ ಶೈಲಿಯನ್ನು ತಳಹದಿಯಾಗಿಟ್ಟುಕೊಂಡು ತಮಗೆ ಬೇರೆಯಾಗಿ ಬೇಕಾದುದನ್ನು ಮಾತ್ರ ಅದರಲ್ಲಿ ಬರೆದಿದ್ದಾರೆ.

ನೀವೂ ಹಾಗೆಯೇ ಒಂದನ್ನು ತಳಹದಿ ಎಂದು ಹೆಸರಿಸಿ ಅದರಿಂದ ಎಲ್ಲಿ ಬೇರೆಯಾಗುತ್ತೀರೋ ಅಷ್ಟನ್ನು ಮಾತ್ರ ನಿಮ್ಮ ಕಡತದಲ್ಲಿ ಬರೆಯಿರಿ. ಪ್ರತಿಯೊಂದು ಬದಲಾವಣೆಯ ಜೊತೆಗೆ ಕಾರಣವೂ, ನಿರ್ಧರಿಸಿದವರ ಹುದ್ದೆಯೂ, ದಿನಾಂಕವೂ ಇರಲಿ. ಕಾರಣವಿಲ್ಲದ ನಿಯಮವನ್ನು ಮುಂದೆ ಬಂದವರು ಗೌರವಿಸುವುದಿಲ್ಲ. ಗೌರವಿಸಿದರೂ ಸಂದರ್ಭ ಬದಲಾದಾಗ ಅದನ್ನು ಬಿಡುವ ಧೈರ್ಯ ಅವರಿಗೆ ಬರುವುದಿಲ್ಲ.

ಬಿಲ್ಲಿಂಗ್_ದಾಖಲೆ

ಮೇಲಿನ ಮಾತಿಗೆ ನನ್ನ ಭಿನ್ನಾಭಿಪ್ರಾಯವಿದೆ. ನಾವು ಭಾರತದ ಅಂಗಡಿ ಮತ್ತು ಸಗಟು ವ್ಯಾಪಾರಿಗಳಿಗಾಗಿ ಬಿಲ್ಲಿಂಗ್ ತಂತ್ರಾಂಶ ಮಾಡುತ್ತೇವೆ. ಅಮೆರಿಕದಲ್ಲಿ ಬರೆದ ಕೈಪಿಡಿಯನ್ನು ಪೂರ್ತಿಯಾಗಿ ಒಪ್ಪಿಕೊಂಡಾಗ ಮೊದಲ ಪುಟದಿಂದಲೇ ತೊಡಕು ಎದುರಾಯಿತು. ಲಕ್ಷವನ್ನು ನಮ್ಮ ಗ್ರಾಹಕರು 1,00,000 ಎಂದು ಬರೆಯುತ್ತಾರೆ, ತಂತ್ರಾಂಶದ ಪರದೆಯೂ ಹಾಗೆಯೇ ತೋರಿಸುತ್ತದೆ, ಆದರೆ ತಳಹದಿಯ ನಿಯಮವನ್ನು ಪಾಲಿಸಿದರೆ ಸಹಾಯ ಪುಟದಲ್ಲಿ 100,000 ಎಂದಾಗುತ್ತದೆ. ತಿಂಗಳ ಹೆಸರನ್ನು ಮೊದಲು ಬರೆಯುವ ಅವರ ದಿನಾಂಕ ಕ್ರಮ ಜಿಎಸ್‌ಟಿ ರಿಟರ್ನ್ ತುಂಬುವವರಿಗೆ ಒಗ್ಗುವುದಿಲ್ಲ. ಕಾಗುಣಿತವೂ ಅಮೆರಿಕದ್ದು, ನಮ್ಮ ಓದುಗರು ಶಾಲೆಯಲ್ಲಿ ಕಲಿತದ್ದು ಬ್ರಿಟಿಷ್ ಕ್ರಮ.

ಇಷ್ಟೆಲ್ಲವನ್ನು ಬದಲಿಸುವುದಾದರೆ ನಾಲ್ಕಾರು ಪುಟಗಳ ಸ್ವಂತ ಕೈಪಿಡಿಯೊಂದನ್ನು ಬರೆದುಕೊಳ್ಳುವುದು ಲೇಸಲ್ಲವೇ? ಚಿಕ್ಕದಾಗಿದ್ದರೆ ಜನ ಅದನ್ನು ಕನಿಷ್ಠ ಪೂರ್ತಿ ಓದಿಯಾರು.

ಕರಡು_ಮೇಜು

ನೀವು ಹೇಳಿದ ಮೂರೂ ಉದಾಹರಣೆಗಳು ನಿಜವಾದವು. ಆದರೆ ಅವು ಮೂರೇ ನಿಯಮಗಳು ಎಂಬುದನ್ನು ಗಮನಿಸಿ. ಸಂಖ್ಯೆಯ ಗುಂಪು, ದಿನಾಂಕ, ಕಾಗುಣಿತ ಈ ಮೂರರಲ್ಲಿ ಬೇರೆಯಾದಿರಿ ಎಂಬ ಮಾತ್ರಕ್ಕೆ ಓದುಗರನ್ನು ‘ನೀವು’ ಎಂದು ನೇರವಾಗಿ ಉದ್ದೇಶಿಸುವುದು, ವರ್ತಮಾನ ಕಾಲದಲ್ಲಿ ಬರೆಯುವುದು, ಹಂತಗಳಿಗೆ ಮಾತ್ರ ಸಂಖ್ಯೆ ಹಾಕಿದ ಪಟ್ಟಿ ಬಳಸುವುದು, ಲಿಂಕಿನ ಪಠ್ಯ ಹೇಗಿರಬೇಕು ಎಂಬಂತಹ ನೂರಾರು ವಿಷಯಗಳನ್ನು ಕೈಬಿಡಬೇಕಾಗಿಲ್ಲ. ನಾಲ್ಕಾರು ಪುಟಗಳ ಸ್ವಂತ ಕೈಪಿಡಿಯ ತೊಂದರೆ ಎಲ್ಲಿದೆಯೆಂದರೆ, ಅದರಲ್ಲಿ ಉತ್ತರವಿಲ್ಲದ ಪ್ರಶ್ನೆ ಪ್ರತಿ ವಾರ ಹುಟ್ಟುತ್ತದೆ, ಪ್ರತಿಯೊಂದಕ್ಕೂ ಮತ್ತೆ ಸಭೆಯಾಗುತ್ತದೆ. ನಿಮ್ಮ ನಾಲ್ಕಾರು ಪುಟಗಳ ಹಿಂದೆ ದೊಡ್ಡದೊಂದು ನಿಂತಿದ್ದರೆ ಆ ಪ್ರಶ್ನೆಗಳಿಗೆ ಉತ್ತರ ಅಲ್ಲಿ ಸಿದ್ಧವಿರುತ್ತದೆ. ಜನ ಓದಬೇಕಾದುದು ಆ ಕೆಲವು ಪುಟಗಳನ್ನು ಮಾತ್ರ, ದೊಡ್ಡದು ಬೇಕಾದಾಗ ಹುಡುಕಿ ನೋಡುವುದಕ್ಕೆ.

ದಿನಾಂಕದ ವಿಷಯದಲ್ಲಿ ಒಂದು ಸೂಚನೆ. ತಿಂಗಳನ್ನು ಅಂಕಿಯಲ್ಲಿ ಬರೆಯಬೇಡಿ, ಹೆಸರಿನಲ್ಲಿಯೇ ಬರೆಯಿರಿ ಎಂಬ ಮೈಕ್ರೋಸಾಫ್ಟ್ ನಿಯಮದ ಉದ್ದೇಶ ಸರಿಯಾದುದು. 04/05 ಎಂಬುದು ಒಬ್ಬರಿಗೆ ಮೇ 4, ಇನ್ನೊಬ್ಬರಿಗೆ ಏಪ್ರಿಲ್ 5. ನೀವು ದಿನವನ್ನು ಮೊದಲು ಬರೆದರೂ ತಿಂಗಳ ಹೆಸರನ್ನು ಉಳಿಸಿಕೊಳ್ಳಿ. ಆಗ ನಿಯಮದ ರೂಪ ಬದಲಾಗುತ್ತದೆ, ಅದು ತಡೆಯಬೇಕಾದ ಗೊಂದಲ ಮಾತ್ರ ಆಗುವುದಿಲ್ಲ. ಹೊಂದಿಸಿಕೊಳ್ಳುವಾಗ ಪ್ರತಿ ನಿಯಮವೂ ಯಾವ ತೊಂದರೆಗೆ ಮದ್ದಾಗಿ ಹುಟ್ಟಿತು ಎಂದು ಕೇಳುವ ಅಭ್ಯಾಸ ಬಹಳ ಮುಖ್ಯ.

ವಿಮಾನ_ನಿರ್ವಹಣೆ

ಪೀಣ್ಯದವರು ಬರೆಯುತ್ತಿರುವುದು ಮುಖ್ಯವಾಗಿ ಯಂತ್ರದ ಬಗ್ಗೆ. ಮೈಕ್ರೋಸಾಫ್ಟ್, ಗೂಗಲ್ ಎರಡೂ ಕೈಪಿಡಿಗಳು ತಂತ್ರಾಂಶದ ಲೋಕದವು. ಯಂತ್ರದ ನಿರ್ವಹಣೆಗೆ ಹತ್ತಿರವಾದುದು ಎಎಸ್‌ಡಿ-ಎಸ್‌ಟಿಇ100, ಅಂದರೆ ವಿಮಾನ ಉದ್ಯಮದ ಸರಳೀಕೃತ ತಾಂತ್ರಿಕ ಇಂಗ್ಲಿಷ್ (ಚಿಕ್ಕದಾಗಿ ಎಸ್‌ಟಿಇ). ಇಂಗ್ಲಿಷ್ ಮಾತೃಭಾಷೆಯಲ್ಲದ ಮೆಕ್ಯಾನಿಕ್‌ಗಳು ಮ್ಯಾನ್ಯುಯಲ್ ಓದುವಾಗ ತಪ್ಪು ತಿಳಿಯಬಾರದು ಎಂಬ ಕಾಳಜಿಯಿಂದ 1970ರ ದಶಕದ ಕೊನೆಯಲ್ಲಿ ಯುರೋಪಿನಲ್ಲಿ ಆರಂಭವಾದ ಈ ಕೆಲಸದ ಮೊದಲ ಮಾರ್ಗದರ್ಶಿ 1986ರಲ್ಲಿ ಬಂದಿತು, 2005ರಲ್ಲಿ ಅದು ಅಂತರರಾಷ್ಟ್ರೀಯ ಸ್ಪೆಸಿಫಿಕೇಶನ್‌ನ ರೂಪ ಪಡೆಯಿತು.

ಅದರ ಕೆಲವು ನಿಯಮಗಳನ್ನು ನೋಡಿ. ಕೆಲಸದ ಹಂತವನ್ನು ಹೇಳುವ ವಾಕ್ಯದಲ್ಲಿ 20 ಪದಗಳನ್ನು ಮೀರಬಾರದು, ವಿವರಣೆಯ ವಾಕ್ಯದಲ್ಲಿ 25. ಒಂದು ಪ್ಯಾರಾದಲ್ಲಿ ಆರು ವಾಕ್ಯಗಳಿಗಿಂತ ಹೆಚ್ಚು ಬೇಡ. ಒಂದು ವಾಕ್ಯದಲ್ಲಿ ಒಂದೇ ಸೂಚನೆ, ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕಾದಾಗ ಮಾತ್ರ ಎರಡು. ನಿಘಂಟಿನಲ್ಲಿ ಒಪ್ಪಿತ ಪದಗಳು ಸುಮಾರು 900 ಮಾತ್ರ, ಪ್ರತಿಯೊಂದಕ್ಕೂ ಸಾಧ್ಯವಾದಷ್ಟೂ ಒಂದೇ ಅರ್ಥ. ಇದರ ಮೇಲೆ ಪ್ರತಿ ಸಂಸ್ಥೆಯೂ ತನ್ನ ಕ್ಷೇತ್ರದ ತಾಂತ್ರಿಕ ನಾಮಪದ, ಕ್ರಿಯಾಪದಗಳನ್ನು ಸೇರಿಸಿಕೊಳ್ಳಬಹುದು. ಸ್ಪಿಂಡಲ್ (ತಿರುಗುವ ದಂಡ), ಚಕ್ (ಹಿಡಿಕೆ), ಕೂಲಂಟ್ (ತಂಪು ದ್ರವ) ಇವೆಲ್ಲ ನಿಮ್ಮ ಸೇರ್ಪಡೆಗಳಾಗುತ್ತವೆ. ಅಂದರೆ ಹೊಂದಿಸಿಕೊಳ್ಳುವುದಕ್ಕೆ ಈ ಮಾನದಂಡವೇ ಜಾಗ ಬಿಟ್ಟಿದೆ.

ನಿಮ್ಮ ಗುಂಡಿಗೆ ಮೂರು ಹೆಸರಿರುವ ಸಮಸ್ಯೆಗೆ ಇದೇ ನೇರ ಪರಿಹಾರ. ಅಲ್ಪವಿರಾಮದ ನಿಯಮಗಳಿಗಿಂತ ಮೊದಲು ಪದಪಟ್ಟಿ ಮಾಡಿ. ಯಂತ್ರದ ಪ್ರತಿಯೊಂದು ಭಾಗಕ್ಕೂ ಒಂದೇ ಹೆಸರನ್ನು ಗೊತ್ತುಪಡಿಸಿ, ಬಿಡಿಭಾಗಗಳ ಪಟ್ಟಿ, ನಕ್ಷೆ, ಪರದೆ, ಮ್ಯಾನ್ಯುಯಲ್ ನಾಲ್ಕರಲ್ಲಿಯೂ ಅದೇ ಇರುವಂತೆ ವಿನ್ಯಾಸ ವಿಭಾಗದವರ ಒಪ್ಪಿಗೆ ಪಡೆಯಿರಿ. ಓದುಗನಿಗೆ ಪೂರ್ಣವಿರಾಮ ತಪ್ಪಿದರೂ ಅರ್ಥವಾಗುತ್ತದೆ, ಭಾಗದ ಹೆಸರು ತಪ್ಪಿದರೆ ಅವನು ಬೇರೆ ಬೋಲ್ಟನ್ನು ಸಡಿಲಿಸುತ್ತಾನೆ.

ಪೀಣ್ಯ_ಮ್ಯಾನ್ಯುಯಲ್

ಎಲ್ಲರ ಉತ್ತರಗಳೂ ತುಂಬ ಉಪಯುಕ್ತವಾಗಿವೆ. ತಳಹದಿಯಾಗಿ ಗೂಗಲ್ ಕೈಪಿಡಿಯನ್ನು ಇಟ್ಟುಕೊಂಡು ನಿರ್ವಹಣಾ ಮ್ಯಾನ್ಯುಯಲ್‌ಗಳಿಗೆ ಎಸ್‌ಟಿಇಯ ವಾಕ್ಯ ನಿಯಮಗಳನ್ನು ಸೇರಿಸುವ ಕಡೆಗೆ ನಮ್ಮ ಮನಸ್ಸು ಹೋಗುತ್ತಿದೆ. ಆದರೆ ಇಲ್ಲಿ ಒಂದು ಸಂದೇಹ ಎದ್ದಿದೆ. ಗೂಗಲ್ ಕೈಪಿಡಿಯಲ್ಲಿ ‘ನೋಟ್’, ‘ಕಾಶನ್’, ‘ವಾರ್ನಿಂಗ್’ ಎಂಬ ಸೂಚನಾ ಪೆಟ್ಟಿಗೆಗಳಿವೆ. ನಮ್ಮ ಹಳೆಯ ಮ್ಯಾನ್ಯುಯಲ್‌ಗಳಲ್ಲಿಯೂ ಇದೇ ಪದಗಳಿವೆ, ಆದರೆ ಬಳಕೆ ಬೇರೆಯಾಗಿ ಕಾಣುತ್ತದೆ. ಅದನ್ನೂ ತಳಹದಿಯಂತೆಯೇ ಬದಲಿಸಬಹುದೇ?

ಸುರಕ್ಷತಾ_ದಾಖಲೆ

ಬದಲಿಸಬೇಡಿ. ಇದೊಂದು ವಿಷಯವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ, ಏಕೆಂದರೆ ಸಿದ್ಧ ಕೈಪಿಡಿಯನ್ನು ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ತರುವಾಗ ಆಗುವ ಅತ್ಯಂತ ಅಪಾಯಕಾರಿ ಬೆರಕೆ ಇಲ್ಲಿಯೇ ಆಗುತ್ತದೆ.

ಯಂತ್ರಗಳ ಲೋಕದಲ್ಲಿ ಈ ಪದಗಳು ಶೈಲಿಯ ಆಯ್ಕೆಗಳಲ್ಲ, ಅವುಗಳಿಗೆ ಮಾನದಂಡದಲ್ಲಿ ಗೊತ್ತುಪಡಿಸಿದ ಅರ್ಥವಿದೆ. ಅಮೆರಿಕದ ಮಾನದಂಡ ಸಂಸ್ಥೆ ಆನ್ಸಿಯ ಜೆಡ್535 ಸರಣಿಯ ಪ್ರಕಾರ ‘ಡೇಂಜರ್’ ಎಂದರೆ ತಪ್ಪಿಸದಿದ್ದರೆ ಸಾವು ಅಥವಾ ಗಂಭೀರ ಗಾಯ ಆಗಿಯೇ ಆಗುವ ಸ್ಥಿತಿ. ‘ವಾರ್ನಿಂಗ್’ ಎಂದರೆ ಸಾವು ಅಥವಾ ಗಂಭೀರ ಗಾಯ ಆಗಬಹುದಾದ ಸ್ಥಿತಿ. ‘ಕಾಶನ್’ ಎಂದರೆ ಸಣ್ಣ ಅಥವಾ ಮಧ್ಯಮ ಪ್ರಮಾಣದ ಗಾಯ ಆಗಬಹುದಾದ ಸ್ಥಿತಿ. ಮನುಷ್ಯನಿಗೆ ಗಾಯವಾಗದ, ಯಂತ್ರಕ್ಕೋ ಸಾಮಗ್ರಿಗೋ ಹಾನಿಯಾಗುವ ಸ್ಥಿತಿಗೆ ‘ನೋಟಿಸ್’. ಈ ಸರಣಿಯಲ್ಲಿ ಜೆಡ್535.6 ಎಂಬುದು ಮ್ಯಾನ್ಯುಯಲ್‌ಗಳಂತಹ ದಾಖಲೆಗಳಿಗೆಂದೇ ಇರುವ ಭಾಗ. ಬಳಕೆಯ ಸೂಚನೆಗಳನ್ನು ಸಿದ್ಧಪಡಿಸುವುದಕ್ಕೆ ಐಇಸಿ/ಐಇಇಇ 82079-1 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದೆ, ಅದರ ಈಗಿನ ಆವೃತ್ತಿ 2019ರದ್ದು.

ತಂತ್ರಾಂಶದ ಕೈಪಿಡಿಯಲ್ಲಿ ‘ವಾರ್ನಿಂಗ್’ ಎಂಬುದು ಕಡತ ಅಳಿಸಿಹೋದೀತು ಎಂಬುದಕ್ಕೂ ಸಲ್ಲುತ್ತದೆ. ಅದೇ ಪೆಟ್ಟಿಗೆಯನ್ನು ನೀವು ‘ಪ್ರೋಗ್ರಾಂ ಉಳಿಸದಿದ್ದರೆ ಕಳೆದುಹೋಗುತ್ತದೆ’ ಎಂಬುದಕ್ಕೂ ‘ಸ್ಪಿಂಡಲ್ ತಿರುಗುವಾಗ ಬಾಗಿಲು ತೆರೆಯಬೇಡಿ’ ಎಂಬುದಕ್ಕೂ ಬಳಸಿದರೆ ಆಪರೇಟರ್ ಕೆಲವೇ ದಿನಗಳಲ್ಲಿ ಆ ಪೆಟ್ಟಿಗೆಗಳನ್ನು ಹಾರಿಸಿ ಓದಲು ಕಲಿಯುತ್ತಾನೆ. ಪ್ರೋಗ್ರಾಂ ಕಳೆದುಕೊಂಡವನು ಅದನ್ನು ಮತ್ತೆ ಬರೆದುಕೊಳ್ಳಬಹುದು, ಬೆರಳು ಕಳೆದುಕೊಂಡವನಿಗೆ ನಮ್ಮ ಮುಂದಿನ ಆವೃತ್ತಿಯಿಂದ ಏನೂ ಪ್ರಯೋಜನವಿಲ್ಲ.

ಆದ್ದರಿಂದ ನಿಮ್ಮ ಬದಲಾವಣೆಗಳ ಕಡತದಲ್ಲಿ ಮೊದಲನೆಯ ನಮೂದು ಇದೇ ಆಗಿರಲಿ: ಈ ನಾಲ್ಕು ಪದಗಳು ಯಂತ್ರದ ಮ್ಯಾನ್ಯುಯಲ್‌ನಲ್ಲಿ ಸುರಕ್ಷತಾ ಮಾನದಂಡದ ಅರ್ಥದಲ್ಲಿ ಮಾತ್ರ ಬರಬೇಕು, ಈ ವಿಷಯದಲ್ಲಿ ತಳಹದಿಯ ಕೈಪಿಡಿ ಅನ್ವಯಿಸುವುದಿಲ್ಲ. ತಂತ್ರಾಂಶದ ಸಹಾಯ ಪುಟಗಳಲ್ಲಿ ದತ್ತಾಂಶ ನಷ್ಟದ ಬಗ್ಗೆ ಎಚ್ಚರಿಸಲು ‘ಇಂಪಾರ್ಟೆಂಟ್’ ಎಂಬಂತಹ, ಗಾಯದ ಸಂಬಂಧವಿಲ್ಲದ ಬೇರೊಂದು ಹೆಸರಿಡಿ. ಯಾವ ಅಪಾಯಕ್ಕೆ ಯಾವ ಪದ ಎಂಬುದನ್ನು ಬರೆಯುವವರು ನಿರ್ಧರಿಸಬಾರದು, ಅದು ಯಂತ್ರದ ಅಪಾಯ ವಿಶ್ಲೇಷಣೆಯಿಂದ ಬರಬೇಕು. ಸೂಚನೆಯ ಒಳಗೆ ಅಪಾಯ ಯಾವುದು, ಅಲಕ್ಷಿಸಿದರೆ ಏನಾಗುತ್ತದೆ, ತಪ್ಪಿಸುವುದು ಹೇಗೆ ಈ ಮೂರೂ ಇರಬೇಕು, ಮತ್ತು ಅದು ಆ ಹಂತಕ್ಕಿಂತ ಮೊದಲೇ ಬರಬೇಕು.

ಇನ್ನೊಂದು ಮಾತು. ಹಳೆಯ ಮ್ಯಾನ್ಯುಯಲ್‌ಗಳನ್ನೆಲ್ಲ ಹೊಸ ಶೈಲಿಗೆ ಒಮ್ಮೆಗೇ ತರಲು ಹೊರಡಬೇಡಿ, ಯಾವ ಪುಟಕ್ಕೆ ಬೇರೆ ಕಾರಣದಿಂದ ಕೈ ಹಾಕುತ್ತೀರೋ ಆ ಪುಟವನ್ನು ಆಗ ಸರಿಪಡಿಸಿದರೆ ಸಾಕು. ಸುರಕ್ಷತಾ ಪದಗಳಿಗೆ ಮಾತ್ರ ಈ ವಿನಾಯಿತಿ ಇಲ್ಲ. ಅವುಗಳನ್ನು ಎಲ್ಲ ಪುಟಗಳಲ್ಲಿಯೂ ತಡಮಾಡದೆ ಸರಿಪಡಿಸಿ.

ಅನುವಾದ_ಮೇಜು

ಕನ್ನಡದ ಕಿರುಪುಸ್ತಿಕೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಇಂಗ್ಲಿಷ್ ಕೈಪಿಡಿಯ ನಿಯಮಗಳನ್ನು ಕನ್ನಡ ಬರಹಕ್ಕೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಅವುಗಳ ಉದ್ದೇಶವನ್ನು ಉಳಿಸಿಕೊಂಡು ರೂಪವನ್ನು ಕನ್ನಡದಿಂದ ಕಟ್ಟಬೇಕು.

ಸೂಚನೆಯನ್ನು ಕ್ರಿಯಾಪದದಿಂದ ಆರಂಭಿಸಿ ಎನ್ನುತ್ತವೆ ಇಂಗ್ಲಿಷ್ ಕೈಪಿಡಿಗಳು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ವಾಕ್ಯ ಉದ್ದವಾದಷ್ಟೂ ಮಾಡಬೇಕಾದ ಕೆಲಸ ಯಾವುದೆಂದು ತಿಳಿಯಲು ಓದುಗ ಕಾಯಬೇಕಾಗುತ್ತದೆ. ಆದ್ದರಿಂದ ಕನ್ನಡದಲ್ಲಿ ಹಂತದ ವಾಕ್ಯ ಇಂಗ್ಲಿಷಿಗಿಂತಲೂ ಚಿಕ್ಕದಾಗಿರಬೇಕು. ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವುದರಿಂದ ಎಸ್‌ಟಿಇಯ 20 ಪದಗಳ ಮಿತಿ ಇಲ್ಲಿ ತೀರ ಸಡಿಲವಾಗುತ್ತದೆ. ನಾವು ಹತ್ತು-ಹನ್ನೆರಡು ಪದಗಳೊಳಗೆ ನಿಲ್ಲಿಸಲು ಪ್ರಯತ್ನಿಸುತ್ತೇವೆ. ಷರತ್ತನ್ನು ಮೊದಲು ಹೇಳುವುದು ಮಾತ್ರ ಕನ್ನಡಕ್ಕೆ ಸಹಜವಾಗಿಯೇ ಒದಗುತ್ತದೆ: ‘ಕೂಲಂಟ್ ಮಟ್ಟ ಕಡಿಮೆಯಿದ್ದರೆ ಪಂಪನ್ನು ನಿಲ್ಲಿಸಿ.’

ಗುಂಡಿಯ ಹೆಸರಿಗೆ ನೇರವಾಗಿ ವಿಭಕ್ತಿ ಪ್ರತ್ಯಯ ಹಚ್ಚಿದರೆ ದಪ್ಪ ಅಕ್ಷರ ಎಲ್ಲಿಗೆ ನಿಲ್ಲಬೇಕು, ಹೆಸರು ಎಲ್ಲಿಗೆ ಮುಗಿಯಿತು ಎಂಬ ಗೊಂದಲವಾಗುತ್ತದೆ. ಹೆಸರಿನ ನಂತರ ಜಾತಿಸೂಚಕ ಪದವೊಂದನ್ನು ಇಟ್ಟು ಪ್ರತ್ಯಯವನ್ನು ಅದಕ್ಕೆ ಹಚ್ಚಿ: ‘ಸೈಕಲ್ ಸ್ಟಾರ್ಟ್ ಗುಂಡಿಯನ್ನು ಒತ್ತಿ’, ‘ಆಫ್‌ಸೆಟ್ ಪರದೆಗೆ ಹೋಗಿ’. ಫಲಕದ ಮೇಲೆ ಹೆಸರು ಯಾವ ಲಿಪಿಯಲ್ಲಿ ಕೆತ್ತಿದೆಯೋ ಅದನ್ನು ಪುಸ್ತಿಕೆಯಲ್ಲಿ ಒಮ್ಮೆಯಾದರೂ ಚಿತ್ರವಾಗಿ ತೋರಿಸಬೇಕು. ಅಂಕಿಗಳೂ ಪರದೆಯಲ್ಲಿರುವಂತೆ 1, 2, 3 ಎಂದೇ ಇರಲಿ.

ಕರ್ತರಿ ಪ್ರಯೋಗದ ನಿಯಮವನ್ನೂ ಯೋಚಿಸಿ ತರಬೇಕು. ‘ಬಾಗಿಲು ತೆರೆಯಲ್ಪಡುತ್ತದೆ’ ಎಂದು ಕನ್ನಡದಲ್ಲಿ ಯಾರೂ ಮಾತನಾಡುವುದಿಲ್ಲ, ‘ತೆರೆದುಕೊಳ್ಳುತ್ತದೆ’ ಎನ್ನುತ್ತಾರೆ. ನಿಜವಾದ ತೊಂದರೆ ಇರುವುದು ‘ಒತ್ತಡವನ್ನು ಪರಿಶೀಲಿಸಲಾಗುತ್ತದೆ’ ಎಂಬಂತಹ ವಾಕ್ಯಗಳಲ್ಲಿ. ಪರಿಶೀಲಿಸುವುದು ಯಂತ್ರವೋ ಮನುಷ್ಯನೋ ಎಂಬುದು ಅಲ್ಲಿ ಮರೆಯಾಗುತ್ತದೆ. ‘ಯಂತ್ರವು ಒತ್ತಡವನ್ನು ಪರಿಶೀಲಿಸುತ್ತದೆ’ ಎಂದು ಬರೆಯಿರಿ, ಇಲ್ಲವೇ ‘ಒತ್ತಡವನ್ನು ಪರಿಶೀಲಿಸಿ’ ಎಂದು ಆಪರೇಟರ್‌ಗೆ ಹೇಳಿ. ‘ಒತ್ತತಕ್ಕದ್ದು’, ‘ಮಾಡತಕ್ಕದ್ದು’ ಎಂಬ ಕಚೇರಿ ಆದೇಶದ ರೂಪಗಳನ್ನು ಪೂರ್ತಿಯಾಗಿ ಬಿಡಿ. ‘ಒತ್ತಿ’, ‘ತೆರೆಯಿರಿ’, ‘ನಿಲ್ಲಿಸಿ’ ಎಂಬ ಬಹುವಚನದ ವಿಧಿರೂಪದಲ್ಲಿ ಗೌರವವೂ ಇದೆ, ಸ್ಪಷ್ಟತೆಯೂ ಇದೆ.

ಮೈಕ್ರೋಸಾಫ್ಟ್‌ನವರು ಕನ್ನಡಕ್ಕಾಗಿ ಪ್ರತ್ಯೇಕ ಸ್ಥಳೀಕರಣ (ತಂತ್ರಾಂಶವನ್ನು ಸ್ಥಳೀಯ ಭಾಷೆಗೆ ತರುವ) ಶೈಲಿ ಕೈಪಿಡಿಯನ್ನು ಪ್ರಕಟಿಸಿದ್ದಾರೆ. ತಂತ್ರಾಂಶದ ಪರದೆಗಳಿಗೆ ಅದನ್ನು ನೋಡಬಹುದು. ಯಂತ್ರದ ಭಾಗಗಳ ಹೆಸರಿಗೆ ಮಾತ್ರ ನಿಮ್ಮ ಶಾಪ್ ಫ್ಲೋರ್‌ನಲ್ಲಿ ನಿಂತು ಕೇಳಿಸಿಕೊಂಡು ಬನ್ನಿ.

ಕರಡು_ಮೇಜು

ಅನುವಾದ ಮೇಜಿನವರ ಮಾತು ನನಗೂ ಹೊಸ ತಿಳಿವಳಿಕೆ ಕೊಟ್ಟಿತು, ಧನ್ಯವಾದಗಳು.

ಕೈಪಿಡಿಯನ್ನು ಜಾರಿಗೆ ತರುವ ಬಗ್ಗೆ ಸ್ವಲ್ಪ. ನಿಯಮಗಳನ್ನು ನೆನಪಿನ ಮೇಲೆ ಬಿಡದೆ ಸಾಧ್ಯವಾದಷ್ಟನ್ನು ಯಂತ್ರಕ್ಕೆ ವಹಿಸಿ. ‘ವೇಲ್’ ಎಂಬ ಮುಕ್ತ ತಂತ್ರಾಂಶ ಬರಹವನ್ನು ಶೈಲಿ ನಿಯಮಗಳಿಗೆ ಹೋಲಿಸಿ ನೋಡುತ್ತದೆ. ಗೂಗಲ್, ಮೈಕ್ರೋಸಾಫ್ಟ್, ರೆಡ್ ಹ್ಯಾಟ್ ಶೈಲಿಗಳ ನಿಯಮಗಳು ಅದಕ್ಕೆ ಸಿದ್ಧವಾಗಿ ಸಿಗುತ್ತವೆ, ನಿಮ್ಮ ಪದಪಟ್ಟಿಯನ್ನು ಅವುಗಳ ಮೇಲೆ ಸೇರಿಸಬಹುದು. ಪ್ರತಿ ನಿಯಮಕ್ಕೂ ಸಲಹೆ, ಎಚ್ಚರಿಕೆ, ದೋಷ ಎಂಬ ಮೂರು ಮಟ್ಟಗಳಿವೆ. ಆರಂಭದಲ್ಲಿ ಭಾಗಗಳ ಹೆಸರು ಮತ್ತು ಸುರಕ್ಷತಾ ಪದಗಳನ್ನು ಮಾತ್ರ ದೋಷದ ಮಟ್ಟದಲ್ಲಿಟ್ಟು ಉಳಿದುದೆಲ್ಲವನ್ನೂ ಸಲಹೆಯ ಮಟ್ಟದಲ್ಲಿಡಿ. ಮೊದಲ ದಿನವೇ ಪ್ರತಿ ಕಡತದ ಮೇಲೂ ನೂರಾರು ದೋಷ ತೋರಿಸಿದರೆ ಜನ ಅದನ್ನು ನಿಲ್ಲಿಸಿಬಿಡುತ್ತಾರೆ. ಕನ್ನಡ ಪುಸ್ತಿಕೆಗೆ ಇದನ್ನು ಬಳಸುವುದಾದರೆ ಪ್ರತ್ಯಯ ಸೇರಿದ ರೂಪಗಳೂ ಸಿಗುವಂತೆ ಪದದ ಮೂಲಭಾಗವನ್ನು ಹುಡುಕುವ ನಿಯಮ ಬರೆಯಬೇಕಾಗುತ್ತದೆ. ಇಡೀ ಪದವನ್ನು ಹುಡುಕಿದರೆ ‘ಗುಂಡಿ’ ಸಿಕ್ಕೀತು, ‘ಗುಂಡಿಯನ್ನು’ ಸಿಗದು.

ನಿರ್ಧಾರದ ಹೊಣೆ ಒಬ್ಬರದ್ದೇ ಆಗಿರಲಿ. ಎಲ್ಲರ ಅಭಿಪ್ರಾಯ ಕೇಳಲಿ, ಆದರೆ ಮತ ಎಣಿಸುವುದು ಬೇಡ. ಎಂಜಿನಿಯರುಗಳ ರಿವ್ಯೂ ತಾಂತ್ರಿಕ ಸತ್ಯಕ್ಕೆ ಸೀಮಿತವಾಗಿರಲಿ. ಶೈಲಿಯ ಬಗ್ಗೆ ಅವರಿಗೆ ಆಕ್ಷೇಪವಿದ್ದರೆ ಆ ಮ್ಯಾನ್ಯುಯಲ್‌ನ ಬಿಡುಗಡೆಯನ್ನು ತಡೆಯದೆ ಆಕ್ಷೇಪವನ್ನು ಕೈಪಿಡಿಯ ಕಡತದಲ್ಲಿ ದಾಖಲಿಸಲಿ, ಮುಂದಿನ ಪರಿಶೀಲನೆಯಲ್ಲಿ ಅದಕ್ಕೆ ಲಿಖಿತ ಉತ್ತರ ಸಿಗಲಿ. ಗ್ರಾಹಕ ಸೇವೆಯವರನ್ನೂ ಆ ಪರಿಶೀಲನೆಗೆ ಕರೆಯಿರಿ. ಯಾವ ಪುಟವನ್ನು ಓದಿದ ಮೇಲೂ ಜನ ಫೋನ್ ಮಾಡುತ್ತಾರೆ ಎಂಬುದು ಅವರಿಗೆ ಮಾತ್ರ ಗೊತ್ತು. ಹೊಸ ನಿಯಮ ಸೇರಿಸಲು ಅದು ನಮ್ಮ ಅಭಿರುಚಿಗಿಂತ ದೊಡ್ಡ ಕಾರಣ.

ಬಿಲ್ಲಿಂಗ್_ದಾಖಲೆ

ನನ್ನ ಆಕ್ಷೇಪದ ಒಂದು ಭಾಗವನ್ನು ಹಿಂತೆಗೆದುಕೊಳ್ಳುತ್ತೇನೆ. ಪದರದ ಕ್ರಮ ನಮಗೂ ಹೊಂದುತ್ತದೆ. ಆದರೆ ತಳಹದಿ ಬದಲಾದಾಗ ಏನು ಮಾಡುತ್ತೀರಿ? ಜಾಲತಾಣದಲ್ಲಿರುವ ಕೈಪಿಡಿ ಯಾವಾಗ ಬೇಕಾದರೂ ಬದಲಾಗಬಹುದಲ್ಲ.

ಪೀಣ್ಯ_ಮ್ಯಾನ್ಯುಯಲ್

ನಮ್ಮ ವಿಭಾಗದಲ್ಲಿ ಮಾತನಾಡಿ ಹೀಗೆ ಗೊತ್ತುಮಾಡಿದ್ದೇವೆ. ತಂತ್ರಾಂಶದ ಪುಟಗಳಿಗೆ ಗೂಗಲ್ ಕೈಪಿಡಿ ತಳಹದಿ. ನಿರ್ವಹಣಾ ಮ್ಯಾನ್ಯುಯಲ್‌ಗಳಿಗೆ ಎಸ್‌ಟಿಇಯ ವಾಕ್ಯದ ಅಳತೆ ಮತ್ತು ಒಂದು ಭಾಗಕ್ಕೆ ಒಂದೇ ಹೆಸರು ಎಂಬ ನಿಯಮ. ಸುರಕ್ಷತಾ ಪದಗಳು ಎಲ್ಲಕ್ಕಿಂತ ಮೇಲೆ, ಅವುಗಳಿಗೆ ಪ್ರತ್ಯೇಕ ಪುಟ. ಕನ್ನಡ ಪುಸ್ತಿಕೆಗೆ ಬೇರೆಯದೇ ಆದ ಕಿರು ಕೈಪಿಡಿ. ವಿನ್ಯಾಸ ವಿಭಾಗದವರು ಪದಪಟ್ಟಿಗೆ ಸಹಿ ಹಾಕಲು ಒಪ್ಪಿದ್ದಾರೆ, ಮೊದಲು ಆ ಕೆಲಸ. ಬಿಲ್ಲಿಂಗ್‌ನವರು ಕೇಳಿದ ಪ್ರಶ್ನೆ ನಮ್ಮದೂ ಆಗಿದೆ. ಅದರ ಜೊತೆಗೆ, ತಳಹದಿಯ ಪಠ್ಯವನ್ನು ನಮ್ಮ ಕಡತಕ್ಕೆ ನಕಲು ಮಾಡಿಕೊಳ್ಳಬಹುದೇ ಎಂಬುದನ್ನೂ ತಿಳಿಸಿ.

ವಿಮಾನ_ನಿರ್ವಹಣೆ

ಗೂಗಲ್ ಕೈಪಿಡಿಯ ಪಠ್ಯ ಕ್ರಿಯೇಟಿವ್ ಕಾಮನ್ಸ್ ಸಿಸಿ ಬೈ 4.0 ಪರವಾನಗಿಯಲ್ಲಿದೆ, ಆದ್ದರಿಂದ ಮೂಲವನ್ನು ಹೆಸರಿಸಿ, ಬದಲಿಸಿದ್ದರೆ ಹಾಗೆಂದು ತಿಳಿಸಿ ಭಾಗಗಳನ್ನು ಬಳಸಿಕೊಳ್ಳಬಹುದು. ಎಸ್‌ಟಿಇ ಮಾನದಂಡವನ್ನು ಕೋರಿಕೆ ಸಲ್ಲಿಸಿ ಉಚಿತವಾಗಿ ಪಡೆಯಬಹುದು, ಆದರೆ ಅದರ ಹಕ್ಕು ಯುರೋಪಿನ ವಿಮಾನ ಉದ್ಯಮಗಳ ಒಕ್ಕೂಟವಾದ ಎಎಸ್‌ಡಿ ಸಂಸ್ಥೆಯದು. ಅದರ ನಿಘಂಟನ್ನು ನಿಮ್ಮ ಕಡತಕ್ಕೆ ನಕಲು ಮಾಡಬೇಡಿ, ನಿಯಮದ ಸಂಖ್ಯೆಯನ್ನೂ ಆವೃತ್ತಿಯನ್ನೂ ಉಲ್ಲೇಖಿಸಿ, ಪ್ರತಿಯನ್ನು ಬರೆಯುವವರಿಗೆ ತರಿಸಿಕೊಡಿ. ಅದರ ಒಂಬತ್ತನೆಯ ಆವೃತ್ತಿ 2025ರ ಜನವರಿಯಲ್ಲಿ ಬಂದಿದೆ.

ತಳಹದಿ ಬದಲಾಗುವ ಬಗ್ಗೆ: ನಿಮ್ಮ ಕಡತದ ಮೊದಲ ಸಾಲಿನಲ್ಲಿ ಎಸ್‌ಟಿಇಯ ಆವೃತ್ತಿಯನ್ನೂ ಗೂಗಲ್ ಕೈಪಿಡಿಯನ್ನು ಕೊನೆಯ ಬಾರಿ ಹೋಲಿಸಿ ನೋಡಿದ ದಿನಾಂಕವನ್ನೂ ಬರೆಯಿರಿ. ಗೂಗಲ್‌ನವರು ಬದಲಾವಣೆಗಳ ಪಟ್ಟಿಯನ್ನು ಕೈಪಿಡಿಯ ಜೊತೆಯಲ್ಲೇ ಪ್ರಕಟಿಸುತ್ತಾರೆ. ಮೂರು ತಿಂಗಳಿಗೊಮ್ಮೆ ಕೈಪಿಡಿಯ ಹೊಣೆ ಹೊತ್ತವರು ಅದನ್ನು ಓದಿ, ನಿಮ್ಮ ನಮೂದುಗಳಿಗೆ ತಾಗುವ ಬದಲಾವಣೆ ಇದ್ದರೆ ಮಾತ್ರ ಚರ್ಚೆಗೆ ತರಲಿ. ಒಂದು ಮ್ಯಾನ್ಯುಯಲ್‌ನ ಕೆಲಸ ನಡೆದಿರುವಾಗ ನಡುವೆ ನಿಯಮ ಬದಲಿಸಬೇಡಿ, ಮುಂದಿನ ಬಿಡುಗಡೆಯಿಂದ ಅನ್ವಯಿಸಿ.